ಬೆಲ್ಲದವರ ಸೀಸೆ

"ಬೆಲ್ಲ ತಿಂದ್ಕೊಂಡು ಬಂದಿದ್ದೀರಾ?"

ಪುಟ್ಟಮಲ್ಲಮ್ಮ ತಲೆ ಎತ್ತದೆಯೇ ಕೇಳಿದಳು. ಅವಳ ಕೈಯಲ್ಲಿದ್ದ ಗಾಜಿನ ಟ್ಯೂಬು ಸ್ಪಿರಿಟ್ ದೀಪದ ಮೇಲೆ ಕುದಿಯುತ್ತಿತ್ತು. ನೀಲಿ ಔಷಧಿಗೆ ಎಂಟೇ ಹನಿ ಮೂತ್ರ ಬಿದ್ದಿದ್ದು. ಅದು ಹಸಿರಾಯಿತು, ಹಳದಿಯಾಯಿತು, ಅಲ್ಲಿಯೂ ನಿಲ್ಲದೆ ಸುಟ್ಟ ಇಟ್ಟಿಗೆಯಂತೆ ಕೆಂಪಗಾಯಿತು.

"ತಿಂದಿಲ್ಲ ಕಣ್ರವ್ವ," ಬಾಗಿಲಿನಿಂದ ಗಂಡಸಿನ ದನಿ ಬಂತು. "ಮಾಡ್ತೀನಿ."

"ಏನ್ ಮಾಡ್ತೀರಿ?"

"ಬೆಲ್ಲ."

ಆಗ ಅವಳು ತಲೆ ಎತ್ತಿದಳು.

ಎತ್ತರದ ಆಳು. ಮೂವತ್ತೈದರ ಆಸುಪಾಸು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವಲು. ಅಂಗಿ ಅವರದೇ ಆದರೂ ಯಾರದೋ ಹಾಕಿಕೊಂಡ ಹಾಗೆ ಸಡಿಲವಾಗಿತ್ತು. ಈಚೆಗೆ ತುಂಬಾ ಇಳಿದುಹೋಗಿದ್ದಾರೆ ಎಂದು ಅವಳಿಗೆ ತಿಳಿಯಿತು. ಅವರು ಮಾತ್ರ ಕೆಂಪು ಟ್ಯೂಬನ್ನೇ ನೋಡುತ್ತಿದ್ದರು.

"ಪಾಕ ಬಂದದೆ," ಎಂದರು ಮೆಲ್ಲಗೆ. "ಇನ್ನೊಂದ್ ಗಳಿಗೆ ಬುಟ್ರೆ ತಳ ಅತ್ಬುಡ್ತದೆ."

ಆ ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಪುಟ್ಟಮಲ್ಲಮ್ಮನಿಗೆ ನಗು ಬಂದುಬಿಟ್ಟಿತು.

ಅದು ಅರವತ್ತೆಂಟರ ಡಿಸೆಂಬರು. ಕೊಳ್ಳೇಗಾಲದ ಡಾಕ್ಟರ್ ಚಿನ್ನಸ್ವಾಮಿಯವರ ಆಸ್ಪತ್ರೆಯ ಹಿಂದಿನ ಕೋಣೆ. ಸಂಜೆ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಡಾಕ್ಟರ ಬಳಿಯೇ ಪರೀಕ್ಷೆ ಮಾಡುವುದನ್ನು ಕಲಿತು, ಏಳು ವರ್ಷದಿಂದ ಅವಳು ಅಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಬಣ್ಣ ಬರೆದಿಡುವ ಮುಂಚೆ ಎರಡು ಸಲ ನೋಡುವ ಹುಡುಗಿ. ಬರೆದ ಮೇಲೆ ಮೂರನೆಯ ಸಲ ನೋಡುವವಳು.

ವಯಸ್ಸು ಇಪ್ಪತ್ತೊಂಬತ್ತು. ಮೂರು ಗಂಡಿನ ಕಡೆಯವರು ಬಂದು ಕಾಫಿ ಕುಡಿದು ಹೋಗಿದ್ದರು. ಕೊನೆಯ ಗಂಡಿನ ಚಿಕ್ಕಮ್ಮ ಬೀದಿಗಿಳಿದ ಮೇಲೆ ಹೇಳಿದ ಮಾತು ಮನೆಯೊಳಕ್ಕೂ ಕೇಳಿಸಿತ್ತು... "ಕಂಡೋರ ಉಚ್ಚೆ ಕಾಯಿಸೋ ಕೈಯಲ್ಲಿ ಅನ್ನ ಉಣ್ಣಕಾದ್ದಾ?"

ಅಂದಿನಿಂದ ಅವಳು ರೋಗಿಗಳ ಮುಖ ನೋಡುವುದನ್ನು ಬಿಟ್ಟಿದ್ದಳು. ಸೀಸೆ ನೋಡುತ್ತಿದ್ದಳು, ಅಷ್ಟೆ.

"ಹೆಸರು?"

"ಗುರುಪಾದಸ್ವಾಮಿ. ಯಳಂದೂರು. ಅಲ್ಲೇ ಒಳೆ ಪಕ್ಕ ಆಲೆಮನೆ ಅದೆ ನಮ್ದು."

"ತಿನ್ನಲ್ಲ ಅಂತೀರಿ. ಪಾಕ ಬಂತಾ ಅಂತ ಹೇಗೆ ನೋಡ್ತೀರಿ?"

"ನಾಲ್ಗೆಲಿ. ಚೂರು ಮಡಗ್ಕಂಡ್ರೆ ಗೊತ್ತಾಯ್ತದೆ."

"ಕೊಪ್ಪರಿಗೆಗೆ ಎಷ್ಟು ಸಲ?"

"ನಾಕೈದು."

"ದಿನಕ್ಕೆ ಎಷ್ಟು ಕೊಪ್ಪರಿಗೆ?"

ಅವರು ಬೆರಳು ಮಡಿಸಿ ಎಣಿಸತೊಡಗಿ, ಅರ್ಧದಲ್ಲೇ ನಿಲ್ಲಿಸಿ ಅವಳನ್ನು ನೋಡಿದರು. ಸಿಕ್ಕಿಬಿದ್ದ ಮುಖ.

"ನಾಲ್ಗೆ ಬುಟ್ರೆ ಬೆಲ್ಲ ಕೆಡ್ತದೆ ನರ್ಸಮ್ಮೋರೆ."

"ನಾನು ನರ್ಸಲ್ಲ. ಈ ಟ್ಯೂಬಿನಲ್ಲಿ ಇರೋದನ್ನು ನಾನೇನು ರುಚಿ ನೋಡ್ತೀನಾ? ಬಣ್ಣ ನೋಡಿ ಹೇಳ್ತೀನಿ. ನೀವೂ ನೋಡಿ ಹೇಳೋದು ಕಲೀರಿ."

ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ಎಂಥ ಮಾತಾಡಿಬಿಟ್ಟೆ...

ಗುರುಪಾದಸ್ವಾಮಿ ಗೋಡೆ ಹಿಡಿದುಕೊಂಡು ನಗುತ್ತಿದ್ದರು.

* * *

ಡಾಕ್ಟರು ಮಾತ್ರ ನಗಲಿಲ್ಲ. "ನಿಮ್ಮಪ್ಪನಿಗೂ ಈ ಸಕ್ಕರೆ ಕಾಯಿಲೆ ಇತ್ತಾ?"

"ಇತ್ತು ಸಾ. ಕಾಲು ತೆಗುದ್ರು. ಆಮೇಲೆ ಒಂದೊರ್ಸ ಇದ್ರು. ನಮ್ಮವ್ವ ದಿನಾ ಆ ಗಾಯ ತೊಳೆಯೋಳು." ಅವರು ಟವಲಿನ ಅಂಚನ್ನು ಸುತ್ತುತ್ತಾ ಹೇಳಿದರು. "ಅದ ನೋಡೇ ನಾನು ಮದ್ವೆ ಬ್ಯಾಡ ಅಂದಿದ್ದು. ಇನ್ನೊಂದ್ ಹೆಣ್ಣಿಗೆ ಆ ಕೆಲ್ಸ ಆಗ್ಬಾರ್ದು."

ಚೀಟಿ ತಂದು ನಿಂತಿದ್ದ ಪುಟ್ಟಮಲ್ಲಮ್ಮನಿಗೆ ಆ ಮಾತು ಕೇಳಿಸಿತು. ಕೇಳಿಸದ ಹಾಗೆ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಮಾತ್ರೆ ಆಮೇಲೆ ನೋಡೋಣ. ಮೊದಲು ಮೂರು ತಿಂಗಳು ಊಟ ಸರಿಮಾಡಿ," ಎಂದರು ಡಾಕ್ಟರು. "ಅನ್ನ ಬೇಡ, ಮುದ್ದೆ ಬೇಡ, ಬೆಲ್ಲ ಬೇಡ, ಬಾಳೆಹಣ್ಣು ಬೇಡ. ಸೊಪ್ಪು, ತರಕಾರಿ, ಒಂದಿಷ್ಟು ಕಾಳು, ತುಪ್ಪ, ಮಜ್ಜಿಗೆ. ಹೊತ್ತು ಮುಳುಗಿದ ಮೇಲೆ ನೀರು ಬಿಟ್ಟು ಏನೂ ಬೇಡ. ವಾರಕ್ಕೊಂದು ದಿನ ಉಪವಾಸ. ತಲೆ ಸುತ್ತಿದರೆ ಉಪವಾಸ ಮುರಿದು ಅವತ್ತೇ ಇಲ್ಲಿಗೆ ಬನ್ನಿ."

"ಮುದ್ದೆ ಇಲ್ದೆ ಊಟ ಅಂದ್ರೆ ಏನ್ ಸಾ?"

"ಮುದ್ದೆ ಬಿಟ್ಟು ತಟ್ಟೇಲಿ ಇರೋದೆಲ್ಲ."

ಪುಟ್ಟಮಲ್ಲಮ್ಮ ಅವರಿಗೆ ಒಂದು ಚಿಕ್ಕ ಔಷಧಿ ಸೀಸೆ ಕೊಟ್ಟಳು. "ಪ್ರತಿ ಮಂಗಳವಾರ ಇದರಲ್ಲೇ ತನ್ನಿ. ನಾನೇ ತೊಳೆದು ವಾಪಸ್ಸು ಕೊಡ್ತೀನಿ."

* * *

ಮೊದಲ ಮಂಗಳವಾರ ಕೆಂಪು. ಎರಡನೆಯದೂ ಕೆಂಪು.

"ನಿನ್ನೆ ಸೋಮವಾರ ಉಪವಾಸ ಇದ್ರಾ?"

"ಒಂದ್ ಅಗಳು ಅನ್ನ ಮುಟ್ಟಿಲ್ಲ ಕಣ್ರಿ, ಮಾದಪ್ಪನಾಣೆ."

"ಅನ್ನ ಸರಿ. ಬೇರೆ?"

"ಬ್ಯಾರೆ ಏನೂ ಇಲ್ಲ. ಬೆಲ್ಲದ ಅವಲಕ್ಕಿ, ಆರು ಬಾಳೆಅಣ್ಣು, ಸಂಜೀಕೆ ಸಬ್ಬಕ್ಕಿ ಪಾಯ್ಸ. ಉಪಾಸದವ್ರಿಗೆ ನಮ್ಮವ್ವ ಯಾವಾಗ್ಲೂ ಅದೇ ಕೊಡದು."

ಪುಟ್ಟಮಲ್ಲಮ್ಮ ಲೇಖನಿಯನ್ನು ಕೆಳಗಿಟ್ಟಳು.

"ಗುರುಪಾದಸ್ವಾಮಿಯವರೇ, ನೀವು ಉಪವಾಸ ಮಾಡೋದಕ್ಕಿಂತ ಊಟ ಮಾಡೋದೇ ವಾಸಿ."

ಆದರೆ ಒಂದು ವಿಷಯ ಅವಳ ಮನಸ್ಸಿನಲ್ಲಿ ಉಳಿಯಿತು. ಅವರು ಒಂದನ್ನೂ ಮುಚ್ಚಿಡಲಿಲ್ಲ. ಬಾಳೆಹಣ್ಣು ಆರು ಎಂದರೆ ಆರೇ.

ಅಲ್ಲಿಂದ ಮುಂದೆ ಅವಳೇ ಊಟದ ಪಾಠ ಹೇಳತೊಡಗಿದಳು. ಉಪ್ಸಾರಿನ ಸೊಪ್ಪು ಕಾಳು ತಟ್ಟೆ ತುಂಬ ಹಾಕಿಸಿಕೊಳ್ಳಿ. ಮುದ್ದೆಯ ಜಾಗದಲ್ಲಿ ಸುಟ್ಟ ಬದನೆಕಾಯಿ. ಉಪವಾಸದ ದಿನ ಉಪ್ಪು ಹಾಕಿದ ನೀರುಮಜ್ಜಿಗೆ, ಅಷ್ಟೆ.

"ಬದ್ನೆಕಾಯ ಮುದ್ದೆ ಅಂದ್ಕಂಡು ಮುರುದೆ," ಎಂದರು ಅವರು ಮುಂದಿನ ವಾರ. "ಅದು ನನ್ನ ನೋಡಿ ನಗಾಡ್ತು."

"ತಿಂದ್ರಾ?"

"ನಗಾಡಿದ್ ಮ್ಯಾಲೆ ಬುಟ್ಟಾನಾ?"

ಟ್ಯೂಬು ಕಿತ್ತಳೆಯಾಯಿತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಹಳದಿ. ಆ ಹಬ್ಬದಲ್ಲಿ ಎಳ್ಳುಬೆಲ್ಲದ ತಟ್ಟೆಯಿಂದ ಎಳ್ಳನ್ನಷ್ಟೇ ಆರಿಸಿ ತಿಂದಿದ್ದಾಗಿ ಅವರು ಹೇಳಿದಾಗ ಅವಳು ನಂಬಿದಳು.

ಇನ್ನೊಂದು ಸಂಗತಿಯೂ ಆಗ ಶುರುವಾಯಿತು.

ಒಂದು ಮಂಗಳವಾರ ಅವರು ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. ಹೊಂಬಣ್ಣದ ಒಂದು ತುಂಡು ಬೆಲ್ಲ.

"ನಿಮ್ ಮಾತು ಕೇಳಿ ನಾಲ್ಗೆ ಬುಟ್ಟೆ. ಪಾಕನ ನೀರಿಗಾಕಿ ಉಂಡೆ ಮಾಡಿ ಕಲ್ಲಿಗೊಡುದ್ರೆ ಟಣ್ ಅಂತದೆ, ಆಗ ಇಳಿಸ್ತೀನಿ. ಬಣ್ಣ ನಾ ನೋಡ್ದೆ, ಸದ್ದು ನಾ ಕೇಳ್ದೆ. ರುಚಿ ಎಂಗದೆ ಅಂತ ನೀವು ಏಳಿ."

ಪುಟ್ಟಮಲ್ಲಮ್ಮ ಕೈ ತೊಳೆದು ಬಂದು ಚೂರು ಬಾಯಿಗಿಟ್ಟಳು. ಅವರು ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡಿದರು. ತನ್ನ ಟ್ಯೂಬಿನ ಮುಂದೆ ರೋಗಿಗಳು ಹೀಗೆಯೇ ನಿಲ್ಲುವುದಲ್ಲವೇ, ಎಂದುಕೊಂಡಳು.

"ಚೆನ್ನಾಗಿದೆ. ಒಂದು ಚೂರು ಉಪ್ಪುಪ್ಪು."

"ಆಹಾ, ಅದು ಕೆಳಗದ್ದೆ ಕಬ್ಬು, ಚೌಳು ಮಣ್ಣು," ಎಂದು ಅವರು ತೊಡೆ ತಟ್ಟಿದರು. "ಸರ್ಯಾಗೇಳುದ್ರಿ."

ಹೀಗೆ ಅವಳು ಅವರ ನಾಲಿಗೆಯಾದಳು. ಸೋಮವಾರ ರಾತ್ರಿಯಿಂದಲೇ ಮಂಗಳವಾರಕ್ಕೆ ಕಾಯತೊಡಗಿದಳು. ಅವಳ ಕೈಯಿಂದ ಅವರು ಮಜ್ಜಿಗೆ ಇಸಿದುಕೊಂಡು ಕುಡಿಯುತ್ತಿದ್ದರು. ಟ್ಯೂಬು ಹಿಡಿಯುವ ಅದೇ ಕೈ. ಅವರಿಗೆ ಅದು ನೆನಪೂ ಇದ್ದಂತಿರಲಿಲ್ಲ. ಅವಳಿಗೆ ಮಾತ್ರ ಪ್ರತಿ ಸಲ ಕಣ್ಣು ತುಂಬುತ್ತಿತ್ತು.

ಹತ್ತನೆಯ ವಾರ ಟ್ಯೂಬು ತಿಳಿಹಸಿರಿಗೆ ನಿಂತಿತು. ಹನ್ನೊಂದನೆಯ ವಾರ ಅದು ನೀಲಿಯಾಗಿಯೇ ಉಳಿಯಿತು!

ಗುರುಪಾದಸ್ವಾಮಿ ಟ್ಯೂಬಿನ ಹತ್ತಿರ ಬಗ್ಗಿ ಆ ನೀಲಿಯನ್ನು ನೋಡಿದರು.

"ಮುಂದ್ಲು ವಾರಕ್ಕೆ ಮೂರ್ ತಿಂಗ್ಳು ತುಂಬ್ತದೆ. ಅವತ್ತೂ ಇಂಗೇ ನೀಲಿ ಇದ್ರೆ... ನಿಮ್ಮಪ್ಪಾರ್ನ ನೋಡಕೆ ಬರ್ಲಾ?"

"ಯಾತಕ್ಕೆ?"

"ಬೆಲ್ಲ ಮಾರಕಲ್ಲ."

ತೊಳೆದ ಸೀಸೆಯನ್ನೇ ಇನ್ನೊಮ್ಮೆ ತೊಳೆದಳು.

* * *

ಆ ಮಂಗಳವಾರ ಬಂತು. ಪುಟ್ಟಮಲ್ಲಮ್ಮ ಕೊಳ್ಳೇಗಾಲದ ರೇಷ್ಮೆಯಂಚಿನ ಸೀರೆ ಉಟ್ಟಿದ್ದಳು. ಅವರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ.

ಅವರು ಕೊಟ್ಟ ಸೀಸೆ ಬೇರೆಯದಾಗಿತ್ತು. ಉದ್ದ ಕತ್ತಿನದು, ಬಿರಡೆ ಹಾಕಿದ್ದು. ಅವಳು ಕಂಡಳು. ಆದರೆ ಮನಸ್ಸು ಎಲ್ಲೋ ಇತ್ತು. ಕೇಳಲಿಲ್ಲ.

ಎಂಟು ಹನಿ. ದೀಪ. ಕುದಿ.

ಹಸಿರು... ಹಳದಿ... ಕೆಂಪು.

ಅವಳು ಇನ್ನೊಂದು ಟ್ಯೂಬು ತೆಗೆದು ಮತ್ತೆ ಮಾಡಿದಳು. ಅದೂ ಕೆಂಪು, ಮೊದಲ ದಿನಕ್ಕಿಂತ ಗಾಢವಾಗಿ.

"ನಿನ್ನೆ ಏನು ತಿಂದ್ರಿ?"

"ನಿನ್ನೆ ಸೋಮಾರ. ಮಜ್ಜಿಗೆ ನೀರು, ಅಷ್ಟೇಯ."

"ಆಲೆಮನೆಯಲ್ಲಿ?"

"ಇಲ್ಲ ಕಣ್ರಿ."

ಇವತ್ತೇ ಯಾಕೆ? ಇಷ್ಟು ದಿನ ಕಾದ ಮೇಲೆ, ಇವತ್ತೇ ಯಾಕೆ? ಅವಳ ಅಳುವೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

"ಮನುಷ್ಯರು ಏನಾದರೂ ಹೇಳಬಹುದು. ಟ್ಯೂಬಿಗೆ ಸುಳ್ಳು ಹೇಳೋಕೆ ಬರಲ್ಲ."

ಗುರುಪಾದಸ್ವಾಮಿಯ ಮುಖ ಆರಿದ ಒಲೆಯಂತಾಯಿತು.

"ಅಂದ್ರೆ ನಂಗೆ ಬತ್ತದೆ ಅಂತ."

ಅವರು ಜೇಬಿನಿಂದ ಎಂದಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಸೀಸೆ ಅಲ್ಲೇ ಉಳಿಯಿತು.

* * *

ಬುಧವಾರ ಬೆಳಿಗ್ಗೆ ಕೋಣೆಯ ಬೀಗ ತೆಗೆದಾಗ ಗೋಡೆಯಿಂದ ಮೇಜಿನವರೆಗೆ ಇರುವೆಯ ಸಾಲು ಹರಿದಿತ್ತು.

ಸಕ್ಕರೆ ಕಾಯಿಲೆಯವರ ಮೂತ್ರಕ್ಕೆ ಇರುವೆ ಮುತ್ತುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ನೋಡಿದೆಯಾ, ಇರುವೆಗಳೂ ಅದನ್ನೇ ಹೇಳುತ್ತಿವೆ ಎಂದು ಕಣ್ಣೊರೆಸಿಕೊಂಡಳು. ಆದರೂ ಅವಳ ಸ್ವಭಾವ ಬಿಡಬೇಕಲ್ಲ, ಎರಡನೆಯ ಸಲ ನೋಡಿದಳು.

ಇರುವೆಗಳು ಸೀಸೆಯ ಬಳಿ ಇರಲಿಲ್ಲ. ಅದನ್ನು ಅವಳು ನಿನ್ನೆಯೇ ತೊಳೆದು ಬೋರಲು ಹಾಕಿದ್ದಳು. ಅವೆಲ್ಲ ಮುತ್ತಿದ್ದದ್ದು ತೊಳೆಯಲು ಮರೆತ ಬಿರಡೆಯನ್ನು.

ಎತ್ತಿಕೊಂಡಳು. ಬೆರಳಿಗೆ ಅಂಟಿತು. ಎಳೆದರೆ ಸಣ್ಣ ಬಂಗಾರದ ಎಳೆ.

ಬಿರಡೆಯನ್ನು ಒಂದು ಚಮಚ ಶುದ್ಧ ನೀರಿನಲ್ಲಿ ಅದ್ದಿ, ಆ ನೀರಿನ ಎಂಟು ಹನಿಯನ್ನು ಟ್ಯೂಬಿಗೆ ಬಿಟ್ಟು ಕಾಯಿಸಿದಳು.

ಇಟ್ಟಿಗೆ ಕೆಂಪು!

ಬರೀ ನೀರು. ಯಾರ ಮೂತ್ರವೂ ಅಲ್ಲ.

ಒಬ್ಬಳೇ ನಗುತ್ತಾ ಅಳುತ್ತಾ ನಿಂತಿದ್ದವಳನ್ನು ಡಾಕ್ಟರು ಬಾಗಿಲಿನಿಂದ ಇಣುಕಿ ನೋಡಿದರು. "ಏನಮ್ಮ ಇದು?"

"ಸಾರ್... ಈ ಬಿರಡೆಗೆ ಸಕ್ಕರೆ ಕಾಯಿಲೆ."

ಡಾಕ್ಟರು ಬಿರಡೆಯನ್ನೂ ಅವಳನ್ನೂ ನೋಡಿದರು. ಅವರಿಗೆ ಯಾವ ರೋಗವೂ ಹೊಸದಲ್ಲ.

"ಹಾಗಾದರೆ ಅದಕ್ಕೆ ಮುದ್ದೆ ಬಿಡಿಸು," ಎಂದರು. "ನಾಳೆ ರಜ ತಗೋ. ದೀಪ, ಟ್ಯೂಬು, ಔಷಧಿ ಜೊತೆಗೆ ತಗೊಂಡು ಹೋಗು."

ಅವಳಿಗೆ ತನ್ನ ತಪ್ಪು ಈಗ ಚುಚ್ಚತೊಡಗಿತು. ಬಿಸಿನೀರಲ್ಲಿ ಮೂರು ಸಲ ತೊಳೆದ ಸೀಸೆ ತನ್ನಿ ಎಂದು ಊರಿಗೆಲ್ಲ ಹೇಳುವವಳು ಇವರೊಬ್ಬರಿಗೆ ಮಾತ್ರ ಹೇಳಿರಲಿಲ್ಲ. ಹೊಸ ಸೀಸೆ ಕಂಡ ಮೇಲೂ ಕೇಳಲಿಲ್ಲ. ಆರು ಬಾಳೆಹಣ್ಣನ್ನು ಆರು ಎಂದೇ ಹೇಳಿದ ಮನುಷ್ಯನನ್ನು ಸುಳ್ಳುಗಾರ ಎಂದುಬಿಟ್ಟಳು.

ಮಾರನೆಯ ಬೆಳಿಗ್ಗೆ ಅಪ್ಪನ ಮುಂದೆ ಕೂತು ಎರಡೇ ಮಾತು ಹೇಳಿ, ಅವರು ಬಾಯಿ ತೆರೆಯುವುದರೊಳಗೆ ಯಳಂದೂರಿನ ಬಸ್ ಹತ್ತಿದಳು.

* * *

ಆಲೆಮನೆಯ ಹೊಗೆ ದೂರದಿಂದಲೇ ಕಂಡಿತು. ಬೇಲಿಯ ಬಳಿ ಕಬ್ಬಿನ ಸಿಪ್ಪೆ ಒಣಹಾಕುತ್ತಿದ್ದ ಹೆಂಗಸು ಅವಳ ಕೈಯಲ್ಲಿದ್ದ ಸೀಸೆ ನೋಡಿದ್ದೇ ಗುರುತು ಹಿಡಿದರು. ಗುರುಪಾದಸ್ವಾಮಿಯ ತಾಯಿ ದೊಡ್ಡಬಸಮ್ಮ.

"ಬಾ ಕೂಸು, ಬಾ. ನೀನೇ ತಾನೆ? ಅಯ್ಯೋ, ಸೀಸೆ ವಾಪಸ್ ಕೊಡಕೆ ಇಷ್ಟ್ ದೂರ ಬಂದ್ಯಾ?"

"ಅಮ್ಮಾ, ಇದು ಯಾವ ಸೀಸೆ?"

"ಬೆಟ್ಟದ ಸೋಲಿಗ್ರು ತಂದುಕೊಟ್ಟ ಜೇನ್ತುಪ್ಪದ್ದು. ನೀ ಕೊಟ್ಟಿದ್ದು ಬಸ್ಸಲ್ಲಿ ಒಡ್ದೋಯ್ತು. ಮನೇಲಿದ್ದದ್ದು ಒಂದು ಸೀಮೆಣ್ಣೆ ಸೀಸೆ, ಗಾಣದ ಆಳು ತಂದಿದ್ದ ಬ್ರಾಂದಿ ಸೀಸೆ ಒಂದು. ಸೊಸೆ ಆಗೋ ಎಣ್ಣಿನ ಕೈಗೆ ಬ್ರಾಂದಿ ಸೀಸೆ ಕಳಿಸಕಾದ್ದಾ? ಇರದ್ರಲ್ಲಿ ಒಳ್ಳೇದು ಅಂತ ಇದ ಕೊಟ್ಟೆ."

ಸೊಸೆ ಎಂಬ ಮಾತಿಗೆ ಪುಟ್ಟಮಲ್ಲಮ್ಮನ ಕಿವಿ ಬಿಸಿಯಾಯಿತು. "ತೊಳೆದು ಕೊಟ್ರಾ?"

"ಯಾಕ್ ತೊಳೀಬೇಕು? ಜೇನ್ತುಪ್ಪಕ್ಕೇನು ಮೈಲ್ಗೆ ಅದಾ? ಬಗ್ಗಿಸ್ಕಂಡು ಒರುಸ್ದೆ."

ಅವಳು ನಕ್ಕು, ಕೂತುಕೊಂಡು ಎಲ್ಲವನ್ನೂ ವಿವರಿಸಿದಳು. ದೊಡ್ಡಬಸಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ಶಿವನೇ... ನನ್ ಕೈಯಾರ ನನ್ ಮಗಂಗೆ ಕಾಯ್ಲೆ ತುಂಬಿ ಕಳಿಸಿದ್ನಾ? ಮೊನ್ನಿಂದ ಅವ್ನು ಯಾರ ಕೂಟ್ಲೂ ಮಾತಾಡಿಲ್ಲ ಕಣವ್ವ. ಓಗು, ಅಲ್ಲವ್ನೆ."

ಗುರುಪಾದಸ್ವಾಮಿ ಕೊಪ್ಪರಿಗೆಯ ಪಕ್ಕ ನಿಂತು ಪಾಕ ತಿರುವುತ್ತಿದ್ದರು. ಅವಳನ್ನು ಕಂಡು ಕೈ ನಿಂತಿತು. ಮರುಕ್ಷಣ ಮತ್ತೆ ತಿರುವತೊಡಗಿದರು.

"ಬಣ್ಣ ಬರ್ಕಂಡಾಯ್ತಲ್ಲ. ಇನ್ನೇನದೆ?"

"ತಪ್ಪು ಬರೆದಿದ್ದೆ. ಹೊಡೆದುಹಾಕೋಕೆ ಬಂದೆ," ಎಂದಳು ಅವಳು. ಬಿರಡೆಯ ಕಥೆ ಹೇಳಿದಳು. "ಟ್ಯೂಬಿಗೆ ಸುಳ್ಳು ಬರಲ್ಲ, ನಿಜ. ಅದನ್ನು ಓದೋಳಿಗೆ ಬುದ್ಧಿ ಇರಬೇಕಿತ್ತು."

ಅವರು ಸೌಟನ್ನು ಆಳಿನ ಕೈಗೆ ಕೊಟ್ಟು ಈಚೆ ಬಂದರು.

"ಮೊನ್ನೆ ಮನೀಗ್ ಬಂದು ಒಂದಚ್ಚು ಬೆಲ್ಲ ಕೈಗೆ ತಕಂಡೆ. ಎಂಗಿದ್ರೂ ಕೆಂಪೇ ಬಂದದಲ್ಲ, ತಿಂದ್ಬುಡವ ಅಂತ."

"ತಿಂದ್ರಾ?"

"ತಿಂದು ರುಚಿ ಎಂಗದೆ ಅಂತ ಯಾರ್ಗೇಳದು? ಮಡಗ್ಬುಟ್ಟೆ."

ಅವಳು ನೆಲ ನೋಡಿದಳು. "ನೀವು ಬಿಟ್ಟು ಹೋದ ಬೆಲ್ಲ ಅವತ್ತು ರಾತ್ರಿಯೇ ತಿಂದೆ. ಸ್ವಲ್ಪ ಉಪ್ಪಿತ್ತು."

"ಉಪ್ಪಾ? ಅದು ಮೇಲ್ಗದ್ದೆ ಕಬ್ಬು. ಉಪ್ಪಾಗಕೆ ಸಾಧ್ಯವೇ ಇಲ್ಲ."

"ಉಪ್ಪು ಬೆಲ್ಲದ್ದಲ್ಲ," ಎಂದಳು ಅವಳು.

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಟವಲಿನಲ್ಲಿ ಮುಖ ಒರೆಸಿಕೊಂಡರು. ಹೊಗೆ ಎಂದುಕೊಂಡರೂ ಆಗುತ್ತಿತ್ತು.

ಅಷ್ಟರಲ್ಲಿ ದೊಡ್ಡಬಸಮ್ಮ ಓಡಿಬಂದರು. ಕೈಯಲ್ಲಿ ಹಬೆಯಾಡುವ ಒಂದು ಸೀಸೆ. "ಮೂರ್ ಸಲ ಅಲ್ಲ, ಏಳ್ ಸಲ ತೊಳ್ದಿವ್ನಿ. ಓಗ್ಲಾ ಮಗ, ಕಬ್ಬಿನ ಮೆದೆ ಇಂದಕ್ಕೆ ಓಗ್ಬುಟ್ಟು ಬಾ."

ಪುಟ್ಟಮಲ್ಲಮ್ಮ ಗಾಳಿಗೆ ಸೆರಗು ಅಡ್ಡ ಹಿಡಿದು ದೀಪ ಹಚ್ಚಿದಳು. ಗಾಣ ಹೊಡೆಯುತ್ತಿದ್ದ ಚೆನ್ನಯ್ಯ ಎತ್ತು ನಿಲ್ಲಿಸಿಯೇ ಬಂದ. ಎಲ್ಲರೂ ಟ್ಯೂಬಿನ ಸುತ್ತ ನಿಂತರು.

ಕುದಿಯಿತು. ಇನ್ನೂ ಕುದಿಯಿತು.

"ಏನೂ ಆಗ್ನಿಲ್ವಲ್ಲವ್ವ," ಎಂದ ಚೆನ್ನಯ್ಯ, ನಿರಾಸೆಯಿಂದ.

"ಏನೂ ಆಗದೆ ಇರೋದೇ ಆಗಬೇಕಾಗಿದ್ದು ಕಣಪ್ಪ."

ಅವಳು ಟ್ಯೂಬನ್ನು ಬಿಸಿಲಿಗೆ ಎತ್ತಿ ಹಿಡಿದಳು. ನೀಲಿ. ಬಿಳಿಗಿರಿ ಬೆಟ್ಟದ ಸಾಲಿನಷ್ಟೇ ನೀಲಿ. ಎರಡನೆಯ ಸಲ ನೋಡಲಿಲ್ಲ.

ದೊಡ್ಡಬಸಮ್ಮ ಚೆನ್ನಯ್ಯನನ್ನು ಎತ್ತಿನ ಕಡೆ ಅಟ್ಟಿಕೊಂಡು ಹೋದರು. ಇಬ್ಬರೇ ಉಳಿದರು.

"ಇದು ಬುಟ್ಟೋಗೋ ಕಾಯ್ಲೆ ಅಲ್ಲ ಅಂತ ಡಾಕ್ಟ್ರು ಏಳವ್ರೆ," ಎಂದರು ಗುರುಪಾದಸ್ವಾಮಿ. "ಬಾಗ್ಲಲ್ಲಿ ಕುಂತಿರ್ತದಂತೆ. ಮುದ್ದೆ ಮುಟ್ಟುದ್ರೆ ಒಳೀಕ್ ಬತ್ತದಂತೆ."

"ಬಾಗಿಲು ಕಾಯೋಕೆ ಇಬ್ಬರಿದ್ದರೆ ಒಳ್ಳೇದು."

ಅವರು ನಕ್ಕರು. ಮತ್ತೆ ಗಂಭೀರವಾದರು. "ನಿಮ್ಮಪ್ಪಾರ ಮುಂದೆ ಕುಂತು ಏನಂತೇಳ್ಲಿ ಮಲ್ಲಮ್ಮೋರೆ? ಇಂಥ ಕಾಯ್ಲೆಯೋನು ಅಂತ..."

"ಬೆಲ್ಲ ಮಾಡ್ತೀನಿ, ತಿನ್ನಲ್ಲ ಅಂತ ಹೇಳಿ."

"ಅಷ್ಟು ಸಾಕಾ?"

"ಉಳಿದದ್ದು ನಾನು ಹೇಳಿಯಾಗಿದೆ."

"ಯಾವಾಗ?"

"ಇವತ್ತು ಬೆಳಿಗ್ಗೆ. ಬಸ್ ಹತ್ತೋ ಮುಂಚೆ."

ಅವರು ಅವಳ ಕೈಯಲ್ಲಿದ್ದ ಟ್ಯೂಬನ್ನು ನೋಡಿದರು. ಆಮೇಲೆ ಅವಳನ್ನು.

"ಆಗಿನ್ನೂ ಇದು ಯಾವ ಬಣ್ಣ ಅಂತ್ಲೇ ಗೊತ್ತಿರ್ನಿಲ್ವಲ್ಲ ಮಲ್ಲಿ?"

"ಗೊತ್ತಿರಲಿಲ್ಲ," ಎಂದಳು ಅವಳು. "ನಡೀರಿ, ಪಾಕ ತಳ ಹತ್ತುತ್ತೆ."